ಹಿಟ್ಟಿನ ಕೋಳಿಯೂ ಪರದೆಯ ಮೇಲಿನ ಗಣಿಯೂ

ಮಕ್ಕಳ ಕೈಗೆ ಮೊಬೈಲು ಬಂದ ಮೇಲೆ ಸಮಾಜದ ಹಿರಿಯರಿಗೆ ಪಾಪದ ಒಂದು ಹೊಸ ಬಾಬತ್ತು ದೊರೆತಂತಾಗಿದೆ. ‘ಮೈನ್‌ಕ್ರಾಫ್ಟ್’ ಎಂಬ ಆಟದಲ್ಲಿ ಬಾಲಕರು ಗಂಟೆಗಟ್ಟಲೆ ನೆಲವನ್ನು ಅಗೆದು ಅದಿರು ತೆಗೆಯುತ್ತಾರೆ. ಪೃಥ್ವೀಕಾಯಿಕ ಜೀವಗಳ ಘಾತವನ್ನು ಮನಸ್ಸಿನಲ್ಲಿಯೇ ರೂಢಿಸಿಕೊಳ್ಳುವ ಇಂಥ ಆಟ ಶ್ರಾವಕರ ಮನೆಗೆ ಸಲ್ಲದು ಎಂಬ ಮಾತು ಸ್ವಾಧ್ಯಾಯದ ಸಾಲಿನಲ್ಲಿಯೂ ಮದುವೆಯ ಪಂಕ್ತಿಯಲ್ಲಿಯೂ ಕೇಳಿಬರುತ್ತದೆ. ಆಧಾರಕ್ಕೆ ಯಶೋಧರನ ಕಥೆ ಸಿದ್ಧವಾಗಿಯೇ ಇದೆ. 1209ರಲ್ಲಿ ಜನ್ನನು ಕನ್ನಡಕ್ಕೆ ತಂದ ಆ ಕಥೆಯಲ್ಲಿ ಅರಸನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಹಿಟ್ಟಿನ ಕೋಳಿಗೆ ಅಷ್ಟು ಫಲವಾದರೆ ಪರದೆಯ ಮೇಲಿನ ಗಣಿಗೆ ಎಷ್ಟು ಎಂದು ಕೇಳುತ್ತಾರೆ. ವಾದ ಕೇಳಲು ಸೊಗಸು. ತೂಗಿ ನೋಡಿದರೆ ಹಗುರ.

ಖಂಡಿಸುವವರಲ್ಲಿ ಬಹುಮಂದಿ ಆ ಆಟವನ್ನು ಕುಳಿತು ನೋಡಿದವರಲ್ಲ. ಸ್ವೀಡನ್ ದೇಶದಲ್ಲಿ ಹುಟ್ಟಿ 2011ರಲ್ಲಿ ಪೂರ್ಣರೂಪ ಪಡೆದ ಇದನ್ನು 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 250 ಕೋಟಿ ಡಾಲರಿಗೆ ಕೊಂಡಿತು. ಅಲ್ಲಿಯ ಲೋಕವೆಲ್ಲ ಘನಾಕೃತಿಯ ತುಂಡುಗಳಿಂದ ಕಟ್ಟಿದ್ದು. ಒಂದೊಂದು ಅದಿರಿಗೆ ಒಂದೊಂದು ಆಳ: ಚಿನ್ನ ಸೊನ್ನೆಯಿಂದ 16 ಮಟ್ಟ ಕೆಳಗೆ ಹೇರಳ, ವಜ್ರ 59 ಮಟ್ಟ ಕೆಳಗೆ, 64ರಲ್ಲಿ ಒಡೆಯಲಾಗದ ತಳಬಂಡೆ. ಮರದ ಪಿಕಾಸಿಯಿಂದ ಕಲ್ಲು, ಕಲ್ಲಿನ ಪಿಕಾಸಿಯಿಂದ ಕಬ್ಬಿಣ. ಕಬ್ಬಿಣದ ಪಿಕಾಸಿ ಕೈಗೆ ಬರುವವರೆಗೆ ಚಿನ್ನವೂ ಇಲ್ಲ, ವಜ್ರವೂ ಇಲ್ಲ. ಕಾಲ ಕೆಳಗೆ ನೇರವಾಗಿ ಅಗೆಯಬಾರದೆಂಬುದು ಅಲ್ಲಿಯ ಮೊದಲ ಪಾಠ, ಏಕೆಂದರೆ ಆ ಆಳದಲ್ಲಿ ಕುದಿಯುವ ಲಾವಾದ ಮಡುಗಳಿವೆ. ಆದುದರಿಂದ ಬಾಲಕನು ಉದ್ದಕ್ಕೆ ಒಂದು ಸುರಂಗ ಕೊರೆದು, ಇಕ್ಕೆಲಗಳಲ್ಲಿ ಕವಲು ತೆಗೆದು, ಹೆಜ್ಜೆ ಹೆಜ್ಜೆಗೂ ಪಂಜು ನೆಟ್ಟು ಮುಂದುವರಿಯುತ್ತಾನೆ. ಬಿದ್ದರೆ ಬೆಂದುಹೋಗುವವನು ಅವನೇ. ಕೂಲಿಗೆ ಇನ್ನೊಬ್ಬನನ್ನು ಇಳಿಸುವುದಿಲ್ಲ. ಈ ಒಂದು ಅಂಶವನ್ನು ಸುಜ್ಞ ಓದುಗರು ನೆನಪಿನಲ್ಲಿಡಬೇಕು.

ಇನ್ನು ಯಶೋಧರನ ವಿಚಾರ. ಅವನ ತಾಯಿಗೆ ಬಲಿಯ ಫಲ ಬೇಕಾಗಿತ್ತು, ಅವನಿಗೆ ಬಲಿಯ ಪಾಪ ಬೇಡವಾಗಿತ್ತು. ಹಿಟ್ಟಿನ ಕೋಳಿ ಹುಟ್ಟಿದ್ದು ಈ ಚೌಕಾಶಿಯಿಂದ. ಕತ್ತಿ ಎತ್ತಿದವನ ಮನಸ್ಸಿನಲ್ಲಿ ಅದು ಕೋಳಿಯೇ ಆಗಿತ್ತು. ಬಾಲಕನ ಮನಸ್ಸಿನಲ್ಲಿ ಆ ತುಂಡು ಬಣ್ಣದ ಚೌಕವೇ ಹೊರತು ಜೀವವಲ್ಲ. ಅದನ್ನು ಒಡೆದು ಅವನು ಯಾವ ದೇವತೆಯಿಂದಲೂ ಏನನ್ನೂ ಬೇಡುತ್ತಿಲ್ಲ. ಕೊಲ್ಲುವ ಸಂಕಲ್ಪವಿಲ್ಲದ ಕಡೆ ಭಾವಹಿಂಸೆಯನ್ನು ಆರೋಪಿಸುವುದು ಶಾಸ್ತ್ರವೂ ಅಲ್ಲ, ನ್ಯಾಯವೂ ಅಲ್ಲ.

ಆಟ ನಿರ್ದೋಷಿಯೆಂದು ಇದರ ಅರ್ಥವಲ್ಲ. ದೋಷ ಹಿಂಸೆಯದಲ್ಲ, ಪರಿಗ್ರಹದ್ದು. ಅಲ್ಲಿಯ ಒಂದು ಪೆಟ್ಟಿಗೆಯಲ್ಲಿ 27 ಮನೆಗಳು, ಒಂದೊಂದು ಮನೆಯಲ್ಲಿ 64 ತುಂಡು, ಒಟ್ಟು 1,728. ಅದು ತುಂಬಿದರೆ ಮತ್ತೊಂದು ಪೆಟ್ಟಿಗೆ, ಅದೂ ತುಂಬಿದರೆ ಇನ್ನೊಂದು. ಸಾಕು ಎಂಬ ಗೆರೆ ಎಲ್ಲಿಯೂ ಇಲ್ಲ. ಪರಿಮಾಣವ್ರತವನ್ನು ಬಾಯಿಪಾಠ ಮಾಡಿದ ಮನೆಯಲ್ಲಿ ಇದನ್ನು ಎತ್ತಿ ತೋರಿಸಿ ಮಗುವಿಗೆ ತಿಳಿಹೇಳುವುದು ಯುಕ್ತ. ವಿನೋದದ ಮಾತೆಂದರೆ, ಅದೇ ಆಟದಲ್ಲಿ ಚಿನ್ನದ ಪಿಕಾಸಿ 32 ಏಟಿಗೆ ಮುರಿಯುತ್ತದೆ, ಕಬ್ಬಿಣದ್ದು 250 ಏಟು ತಡೆಯುತ್ತದೆ. ಚಿನ್ನದ ಬೆಲೆಯನ್ನು ಇಷ್ಟು ನೆಟ್ಟಗೆ ಹೇಳುವ ಪಾಠಶಾಲೆ ಬೇರೆ ಇಲ್ಲ!

ಆದರೆ ಮಗುವನ್ನು ಗದರಿಸುವ ಅಜ್ಜನ ಬೆರಳಿನ ಉಂಗುರ ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಬೇಕಾದವರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೆ ಹೋಗಬೇಕು. ಅಲ್ಲಿಗೆ ಹೋದವರು ಗಗನಚುಕ್ಕಿಯ ಧುಮುಕುವ ನೀರನ್ನು ನೋಡಿ ಮರಳುತ್ತಾರೆ. ಕೆಳಗಿನ ವಿದ್ಯುದಾಗಾರದ ನೆನಪಾದರೆ, ಅದು ಮೈಸೂರು ಸಂಸ್ಥಾನಕ್ಕೆ ಬೆಳಕು ತಂದಿತೆಂದು ಹೆಮ್ಮೆಪಡುತ್ತಾರೆ. ಬೆಳಕು ಬಂದದ್ದು ಆಮೇಲೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾಗಿ, 1902ರ ಜೂನ್ 30ರಂದು ಹರಿಯತೊಡಗಿದ ಆ ವಿದ್ಯುತ್ತು ಮೊದಲು ಹೋದದ್ದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಗಣಿಗೆ ವಿದ್ಯುತ್ತು ಸಾಲದು ಎಂಬುದು 1911ರಲ್ಲಿ ಕೃಷ್ಣರಾಜಸಾಗರದ ಕಟ್ಟೆ ಕೆಲಸ ಆರಂಭವಾಗಲು ಇದ್ದ ಕಾರಣಗಳಲ್ಲಿ ಒಂದು. ಆ ಕಟ್ಟೆಯ ನೀರಿನಲ್ಲಿ ಊರುಗಳು ಮುಳುಗಿದವು. ಒಂದು ಲೋಹವನ್ನು ಮೇಲೆತ್ತಲು ಒಂದು ನದಿಯನ್ನೇ ನೊಗಕ್ಕೆ ಹೂಡಿದಂತಾಯಿತು.

ಆ ವಿದ್ಯುತ್ತಿನ ಬಲದಿಂದ ಗಣಿ ಇಳಿಯುತ್ತ ಹೋಯಿತು. ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಆಳ ಮುಟ್ಟಿತು. ಅಲ್ಲಿ ಬಂಡೆಯ ಕಾವು 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಮೇಲಿನ ಭಾರಕ್ಕೆ ಬಂಡೆ ತಾನಾಗಿಯೇ ಸಿಡಿದು ಕೂಲಿಕಾರರನ್ನು ಹೂಳುತ್ತಿತ್ತು. ಬದುಕಿ ಮೇಲೆ ಬಂದವರ ಎದೆಯಲ್ಲಿ ಕಲ್ಲಿನ ಧೂಳು ಕೂತು ಸಿಲಿಕೋಸಿಸ್ ಆಗುತ್ತಿತ್ತು. ಆಟದ ಬಾಲಕ ಸತ್ತರೆ ಹಾಸಿಗೆಯಿಂದ ಮತ್ತೆ ಏಳುತ್ತಾನೆ. ತಮಿಳುನಾಡಿನ ಬಡ ಹಳ್ಳಿಗಳಿಂದ ಬಂದು ಅಲ್ಲಿ ಇಳಿದವರಿಗೆ ಆ ಸೌಕರ್ಯ ಇರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್. ಊರ ಸುತ್ತ ಉಳಿದ ಸೈನೈಡ್ ಗುಡ್ಡಗಳ ಪುಡಿ 3 ಕೋಟಿ ಟನ್ನಿಗೂ ಮಿಗಿಲು. ವ್ಯಾಪಾರಿಗಳಿಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳುವುದಾದರೆ, 8 ಗ್ರಾಮಿನ ಒಂದು ಸವರನ್ನಿಗೆ ಕಡಿಮೆಯೆಂದರೂ 3 ಕ್ವಿಂಟಾಲ್ ಪುಡಿ. ಜಮೆಯ ಕಡೆ ಸವರನ್ನನ್ನು ಬರೆದುಕೊಂಡು ಖರ್ಚಿನ ಕಡೆಯನ್ನು ಖಾಲಿ ಬಿಟ್ಟ ಖಾತೆಯನ್ನು ಯಾವ ಗುಮಾಸ್ತನೂ ಒಪ್ಪಲಾರ.

ಆಕ್ಷೇಪಣೆ ಬರುವುದು ಸಹಜ. ಅಂಗಡಿಗೆ ಬರುವ ಚಿನ್ನ ಬೆಂಕಿಯಲ್ಲಿ ಕರಗಿ ಅಚಿತ್ತವಾದದ್ದು. ಶ್ರಾವಕನು ಅಗೆದವನೂ ಅಲ್ಲ, ಅಗೆಯಿಸಿದವನೂ ಅಲ್ಲ. ಹದಿನೈದು ಖರಕರ್ಮಗಳಲ್ಲಿ ನೆಲ ಒಡೆಯುವ ಜೀವಿಕೆಯನ್ನು ಎಣಿಸಿದ ಆಚಾರ್ಯರು ಚಿನ್ನದ ವ್ಯಾಪಾರವನ್ನು ಎಣಿಸಲಿಲ್ಲ ಎನ್ನುತ್ತಾರೆ. ಮಾತು ಅಕ್ಷರಶಃ ಸರಿ. ಆದರೆ ಚಿನ್ನ, ವಜ್ರ, ಕಬ್ಬಿಣಗಳನ್ನು ಪೃಥ್ವೀಕಾಯದ 36 ಭೇದಗಳೊಳಗೆ ಸೇರಿಸಿದವರು ಅದೇ ಪರಂಪರೆಯ ಆಚಾರ್ಯರು. ಮಾಡಿದ್ದು, ಮಾಡಿಸಿದ್ದು ಎರಡಕ್ಕೇ ನಿಲ್ಲದೆ ಅನುಮೋದಿಸಿದ್ದನ್ನೂ ಮೂರನೆಯದಾಗಿ ಬರೆಯಿಸಿದವರೂ ಅವರೇ. ಪ್ರತಿ ಅಕ್ಷಯ ತೃತೀಯೆಯಂದು ಕೊಡುವ ಮುಂಗಡ ಹಣ ಅನುಮೋದನೆಯಲ್ಲದೆ ಮತ್ತೇನು? ಭಗವಾನ್ ಆದಿನಾಥರು ವರ್ಷದ ಉಪವಾಸದ ಬಳಿಕ ಕಬ್ಬಿನ ಹಾಲು ಸ್ವೀಕರಿಸಿದ ದಿನವದು. ಅದನ್ನು ಚಿನ್ನ ಕೊಳ್ಳುವ ದಿನವಾಗಿಸಿದವರು ಆಟವಾಡುವ ಮಕ್ಕಳಲ್ಲ. ಗಣಿಯ ಫಲ ಬೇಕು, ಗಣಿಯ ಪಾಪ ಬೇಡ: ಯಶೋಧರನ ಚೌಕಾಶಿ ಎಲ್ಲಿ ನಡೆಯುತ್ತಿದೆಯೆಂದು ಹುಡುಕುವವರು ಮಗುವಿನ ಕೈಯ ಪರದೆಯನ್ನು ಬಿಟ್ಟು ಗಾಜಿನ ಬೀರುವಿನತ್ತ ನೋಡಲಿ. ಹಿಟ್ಟಿನ ಕೋಳಿ ಅಲ್ಲಿ ಹೊಳೆಯುತ್ತಿದೆ.

ಆಟಕ್ಕೆ ಬಹಿಷ್ಕಾರ ಹಾಕುವ ಬದಲು ಹಿರಿಯರು ಒಂದು ಕೆಲಸ ಮಾಡಬಹುದು. ಒಂದು ಭಾನುವಾರ ಆ ಬಾಲಕನನ್ನು ಶಿವನಸಮುದ್ರಕ್ಕೆ ಕರೆದೊಯ್ದು, ಅಲ್ಲಿಂದ ಹೊರಟ ತಂತಿ ಎಲ್ಲಿಗೆ ಹೋಯಿತೆಂಬುದನ್ನು ಹೇಳಲಿ. ಇನ್ನೊಂದು ಭಾನುವಾರ ಕೋಲಾರದ ಗುಡ್ಡಗಳನ್ನು ತೋರಿಸಲಿ. ಆಟ ಅವನಿಗೆ ಮರೆಮಾಡಿದ್ದು ಇದನ್ನೇ. ಅಲ್ಲಿ ಒಡೆದ ಕಲ್ಲು ಅಚ್ಚುಕಟ್ಟಾಗಿ ಪೆಟ್ಟಿಗೆ ಸೇರುತ್ತದೆ, ಧೂಳು ಏಳುವುದಿಲ್ಲ. ಮರಳುವ ದಾರಿಯಲ್ಲಿ ಅವನು ಮನೆಯ ಕಪಾಟಿನಲ್ಲಿ ಎಷ್ಟು ಸವರನ್ ಇದೆಯೆಂದು ಕೇಳಿ, ಬೆರಳು ಮಡಿಚಿ ಮೂರರಿಂದ ಗುಣಿಸತೊಡಗಿದರೆ, ಗದರಿಸದೆ ಸಂಖ್ಯೆಯನ್ನು ಹೇಳಲಿ.