ಮೊದಲ ಹಾಲಿಗೆ ಕಾಯುವ ಯಕೃತ್ತು

ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಯಲ್ಲಿ ಎಲ್ಲರ ಕಿವಿ ಮಗುವಿನ ಅಳುವಿನ ಮೇಲಿರುತ್ತದೆ. ಅದರ ಯಕೃತ್ತಿನಲ್ಲಿ ಶುರುವಾಗುವ ಗಡಿಬಿಡಿ ಯಾರಿಗೂ ಕೇಳಿಸುವುದಿಲ್ಲ. ಒಂಬತ್ತು ತಿಂಗಳು ತಾಯಿಯ ರಕ್ತದಿಂದ ಬಿಡುವಿಲ್ಲದೆ ಬರುತ್ತಿದ್ದ ಗ್ಲುಕೋಸ್ ಒಮ್ಮೆಗೇ ನಿಂತುಹೋಗುತ್ತದೆ. ಇನ್ನು ಬರುವುದು ಹಾಲು. ಎದೆಹಾಲಿನ ಕ್ಯಾಲೊರಿಗಳಲ್ಲಿ ಹತ್ತಿರಹತ್ತಿರ ಅರ್ಧ ಕೊಬ್ಬಿನದು. ಸಕ್ಕರೆ ಉರಿಸಿ ರೂಢಿಯಾದ ಒಲೆ ಈಗ ಕೊಬ್ಬನ್ನು ಉರಿಸಲು ಕಲಿಯಬೇಕು. ಸಾಲದ್ದಕ್ಕೆ ಹೊರಗಿನ ಚಳಿ ಬೇರೆ; ದೊಡ್ಡವರಂತೆ ನಡುಗಿ ಮೈ ಕಾಯಿಸಿಕೊಳ್ಳುವುದು ಹಸುಗೂಸಿಗೆ ಆಗದು.

ಈ ಬದಲಾವಣೆಯಲ್ಲಿ ಕೈಯಾಡಿಸುವ ಒಂದು ಜೀನ್ ಎಫ್‌ಜಿಎಫ್-21. ಜಪಾನಿನ ಕ್ಯೋಟೋದಲ್ಲಿ ನೊಬುಯುಕಿ ಇಟೋ ಅವರ ತಂಡ 2000ದಲ್ಲಿ ಇದನ್ನು ಗುರುತಿಸಿತು. ಹೆಸರಿನಲ್ಲಿ 'ಗ್ರೋತ್ ಫ್ಯಾಕ್ಟರ್' ಎಂದಿದ್ದರೂ ಇದರ ಮುಖ್ಯ ಕಸುಬು ಬೆಳೆಸುವುದಲ್ಲ, ಇಂಧನದ ಲೆಕ್ಕ ನೋಡಿಕೊಳ್ಳುವುದು. ಯಕೃತ್ತು ಈ ಪ್ರೋಟೀನನ್ನು ತಯಾರಿಸಿ ಹಾರ್ಮೋನಿನಂತೆ ರಕ್ತಕ್ಕೆ ಬಿಡುತ್ತದೆ.

2010ರಲ್ಲಿ ಬಾರ್ಸಿಲೋನಾದ ಫ್ರಾನ್ಸೆಸ್ಕ್ ವಿಲ್ಯಾರೋಯ ಅವರ ತಂಡ ಇಲಿಮರಿಗಳಲ್ಲಿ ಕಂಡದ್ದು ನನಗೆ ಬಹಳ ಹಿಡಿಸಿದ ಸಂಗತಿ. ಹುಟ್ಟಿದ ಮೇಲೆ ಈ ಜೀನಿನ ಚಟುವಟಿಕೆ ಭಾರಿಯಾಗಿ ಏರುತ್ತದೆ. ಆದರೆ ಏರಿಸುವುದು ಹುಟ್ಟಲ್ಲ, ಹಾಲು. ಹಾಲಿನಲ್ಲೂ ಅದರ ಕೊಬ್ಬು. ಕೊಬ್ಬಿನಾಮ್ಲಗಳು ಯಕೃತ್ತಿನ ಪಿಪಿಎಆರ್-ಆಲ್ಫಾ ಎಂಬ ಪ್ರೋಟೀನನ್ನು ಎಚ್ಚರಿಸುತ್ತವೆ, ಅದು ಎಫ್‌ಜಿಎಫ್-21 ಜೀನನ್ನು ಚಾಲೂ ಮಾಡುತ್ತದೆ. ಹೊರಟ ಹಾರ್ಮೋನು ಕಂದು ಕೊಬ್ಬನ್ನು ತಲುಪಿ ಶಾಖ ಹುಟ್ಟಿಸುತ್ತದೆ. ಹಾಲಿಲ್ಲದೆ ಉಪವಾಸವಿದ್ದ ಮರಿಗಳಿಗೆ ಆ ಹಾರ್ಮೋನನ್ನಷ್ಟೇ ಚುಚ್ಚಿದಾಗಲೂ ಮೈ ಬೆಚ್ಚಗಾಯಿತು. ಅಂದರೆ ಹಾಲು ಬರೀ ಊಟವಲ್ಲ, ಯಕೃತ್ತಿಗೆ ಬರುವ ಸಂದೇಶವೂ ಹೌದು.

ಆ ಸಂದೇಶ ಬೇಗ ಅಳಿಸುವುದೂ ಇಲ್ಲ. ಜೀನುಗಳ ಮೇಲೆ ಮಿಥೈಲ್ ಎಂಬ ಸಣ್ಣ ಗುರುತುಗಳು ಬೀಗದಂತೆ ಕೂತಿರುತ್ತವೆ. 2018ರಲ್ಲಿ ಜಪಾನಿನ ಸಂಶೋಧಕರು ತೋರಿಸಿದಂತೆ, ಇಲಿಮರಿ ಹಾಲು ಕುಡಿಯುವ ದಿನಗಳಲ್ಲಿ ಈ ಜೀನಿನ ಮೇಲಿನ ಬೀಗಗಳು ಸಡಿಲಗೊಳ್ಳುತ್ತವೆ; ಆಗ ಮೂಡಿದ ಸ್ಥಿತಿ ದೊಡ್ಡದಾದ ಮೇಲೂ ಉಳಿಯುತ್ತದೆ. ಬೀಗಗಳು ಹೆಚ್ಚು ಸಡಿಲಗೊಂಡ ಇಲಿಗಳು ಜಿಡ್ಡಿನ ಆಹಾರ ಕೊಟ್ಟರೂ ಅಷ್ಟಾಗಿ ಬೊಜ್ಜು ಬೆಳೆಸಲಿಲ್ಲ.

ಇಲಿಯ ಲೆಕ್ಕವನ್ನು ಮನುಷ್ಯರಿಗೆ ಹಾಗೇ ಅಂಟಿಸುವಂತಿಲ್ಲ. ಇಲಿಮರಿ ಹುಟ್ಟುವಾಗ ಮೈಯಲ್ಲಿ ಕೊಬ್ಬೇ ಇಲ್ಲವೆನ್ನಬಹುದು, ನಮ್ಮ ಕೂಸು ಒಂದಿಷ್ಟು ಬುತ್ತಿ ಕಟ್ಟಿಕೊಂಡೇ ಬರುತ್ತದೆ. ಆ ಬುತ್ತಿಯ ವಿಷಯದಲ್ಲಿ ನಾನಿರುವ ಪುಣೆಗೆ ಹೇಳಲು ದೊಡ್ಡ ಮಾತಿದೆ. 1993ರಲ್ಲಿ ಶುರುವಾಗಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಸುತ್ತಲಿನ 6 ಹಳ್ಳಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋ; ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 3.5. ನಮ್ಮ ಮಕ್ಕಳ ಹೊಟ್ಟೆಯ ಸುತ್ತಳತೆ ತೀರಾ ಕಡಿಮೆ, ಅಂದರೆ ಯಕೃತ್ತಿನಂಥ ಒಳಾಂಗಗಳು ಚಿಕ್ಕವು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಇಳಿದಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. ಮುಂದೆ ಸಕ್ಕರೆ ಕಾಯಿಲೆಗೆ ನಾವು ಬೇಗ ತುತ್ತಾಗುವುದರ ಒಂದು ಬೇರನ್ನು ಆ ತಂಡ ಇಲ್ಲಿ ಹುಡುಕಿತು. ಕೊಬ್ಬಿನ ಲೆಕ್ಕ ಇಷ್ಟು ಬೇಗ ಬರೆಯಲಾಗುವುದಾದರೆ ಮೊದಲ ದಿನಗಳನ್ನು ಹಗುರವಾಗಿ ಕಾಣುವುದು ಸರಿಯೇ?

ಬಾಣಂತನಕ್ಕೆಂದು ಊರಿನಿಂದ ನಮ್ಮ ಫ್ಲಾಟುಗಳಿಗೆ ಬರುವ ಅಮ್ಮ, ಅತ್ತೆಯರ ಚೀಲದಲ್ಲಿ ಬಜೆ, ಅಂಟಿನುಂಡೆಯ ಜೊತೆ ಜೇನಿನ ಬಾಟಲಿಯೂ ಇರುತ್ತದೆ. "ಹಾಲು ಇನ್ನೂ ಇಳಿದಿಲ್ಲ, ಒಂಚೂರು ನೆಕ್ಕಿಸಿದರೆ ಏನಾಯಿತು?" ಎನ್ನುವುದು ಅಕ್ಕರೆಯ ಮಾತೇ. ಆದರೆ ಜೇನು ಬರೀ ಸಕ್ಕರೆ, ಕೊಬ್ಬಿನ ಸಂದೇಶ ಅದರಲ್ಲಿಲ್ಲ. ಬಾಟ್ಯುಲಿಸಂ ತರುವ ಸೂಕ್ಷ್ಮಜೀವಿಯ ಬೀಜಕಗಳು ಅದರಲ್ಲಿ ಇರಬಹುದಾದ್ದರಿಂದ ವರ್ಷ ತುಂಬುವವರೆಗೆ ಕೊಡಲೇಬಾರದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ, ಆರು ತಿಂಗಳು ಎದೆಹಾಲನ್ನಷ್ಟೇ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಿಸೇರಿಯನ್ ಆಗಿಯೋ ತಾಯಿಗೆ ಹುಷಾರಿಲ್ಲದೆಯೋ ತಡವಾದರೆ ಆಕೆ ನೊಂದುಕೊಳ್ಳಬೇಕಿಲ್ಲ. ಏನು ಕೊಡಬೇಕೆಂದು ವೈದ್ಯರು ಹೇಳುತ್ತಾರೆ.

ಹಿರಿಯರಿಗೆ ಜೀನಿನ ಹೆಸರು ಹೇಳುವ ಅಗತ್ಯವಿಲ್ಲ. ಮೊದಲೆರಡು ದಿನ ಹಳದಿಯಾಗಿ ನಾಲ್ಕೇ ಹನಿ ಬಂದರೂ ಅದು ಹಾಲೇ, ಕೂಸಿನ ಪುಟ್ಟ ಹೊಟ್ಟೆಗೆ ಅಷ್ಟು ಸಾಕು ಎಂದರೆ ಅವರಿಗೆ ಅರ್ಥವಾಗುತ್ತದೆ. ಗಿಣ್ಣಿನ ಬೆಲೆ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?