ಪ್ರಯೋಗಶಾಲೆಯಿಂದ ಪೇಟೆಯವರೆಗೆ: ಗುಜರಾತಿನ ಮೂರು ನಗರಗಳು ಕಲಿಸುವ ಪಾಠ

'ರೊಬೋಟ್' ಎಂಬ ಶಬ್ದವನ್ನು ಜಗತ್ತಿಗೆ ಕೊಟ್ಟದ್ದು ಒಂದು ನಾಟಕ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ಆ ಕೃತಿಯಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡಿತು. ಅದರ ಮೂಲವಾದ ಚೆಕ್ ಶಬ್ದಕ್ಕೆ ಒಡೆಯನಿಗಾಗಿ ಕೂಲಿಯಿಲ್ಲದೆ ಮಾಡಬೇಕಾದ ದುಡಿಮೆ ಎಂದು ಅರ್ಥ. ನಮ್ಮ ಶಾಸನಗಳಲ್ಲಿ ಬರುವ 'ಬಿಟ್ಟಿ' ಎಂಬ ಶಬ್ದ ಇದಕ್ಕೆ ಅತ್ಯಂತ ಸಮೀಪವಾದುದು. ಕನ್ನಡದಲ್ಲಿ ನಾವು 'ಯಂತ್ರಮಾನವ' ಎಂದು ಟಂಕಿಸಿಕೊಂಡಾಗ ಆ ವಸ್ತುವಿನ ಆಕಾರ ಉಳಿಯಿತು, ದುಡಿಮೆಯ ಅರ್ಥ ಕಳೆದುಹೋಯಿತು. ಈ ಯಂತ್ರಗಳನ್ನು ಕುರಿತ ಇಂದಿನ ಚರ್ಚೆಗಳಲ್ಲಿಯೂ ಇದೇ ಲೋಪ ಎದ್ದುಕಾಣುತ್ತದೆ. ಯಂತ್ರ ಏನು ಮಾಡಬಲ್ಲದು ಎಂಬುದನ್ನು ವಿಸ್ತಾರವಾಗಿ ವರ್ಣಿಸುತ್ತೇವೆ. ಅದು ಯಾರ ದುಡಿಮೆಯ ಜಾಗಕ್ಕೆ ಬರುತ್ತದೆ, ಯಾರ ಹಣದಿಂದ ಬರುತ್ತದೆ, ಕೆಟ್ಟರೆ ಯಾರು ಹೊಣೆ ಎಂಬುದನ್ನು ಕೇಳುವುದಿಲ್ಲ. ಸಂಶೋಧನೆಯು ಪ್ರಯೋಗಶಾಲೆಯಿಂದ ಪೇಟೆಗೆ ಬರುವ ಹಾದಿಯಲ್ಲಿ ಎಡವುವುದು ಬಹುಮಟ್ಟಿಗೆ ಈ ಪ್ರಶ್ನೆಗಳಲ್ಲಿಯೇ. ಈ ಮಾತಿಗೆ ಗುಜರಾತಿನ ಅಹಮದಾಬಾದು, ವಡೋದರಾ ಮತ್ತು ಸೂರತ್ ನಗರಗಳ ಅನುಭವ ಒಳ್ಳೆಯ ನಿದರ್ಶನ.

ಮೊದಲು ಅಹಮದಾಬಾದನ್ನು ನೋಡೋಣ. 1952ರಲ್ಲಿ ಅಲ್ಲಿನ ಕ್ಯಾಲಿಕೊ ಗಿರಣಿಯ ಆಡಳಿತವು ಸ್ವಯಂಚಾಲಿತ ಮಗ್ಗಗಳನ್ನು ತರಿಸಿ ಪ್ರತ್ಯೇಕ ಶಾಲೆಯೊಂದರಲ್ಲಿ ಹೂಡಿತು. ಹೊಕ್ಕಿನ ನೂಲು ಮುಗಿದಾಗ ಕಂಡಿಕೆಯನ್ನು ತಾನಾಗಿಯೇ ಬದಲಿಸಿಕೊಳ್ಳುವ ಯಂತ್ರಗಳವು. ಆದರೆ ನಿರೀಕ್ಷಿಸಿದಷ್ಟು ಬಟ್ಟೆ ಬರಲಿಲ್ಲ, ಕೆಟ್ಟ ಬಟ್ಟೆಯ ಪ್ರಮಾಣವೂ ಇಳಿಯಲಿಲ್ಲ. ಗೌತಮ್ ಸಾರಾಭಾಯಿ ಅವರ ಆಹ್ವಾನದ ಮೇಲೆ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ 1953ರಲ್ಲಿ ಆ ಮಗ್ಗಶಾಲೆಯನ್ನು ಪರಿಶೀಲಿಸಿದರು. ಅಲ್ಲಿನ 29 ಕಾರ್ಮಿಕರಿಗೆ 12 ಬಗೆಯ ಕೆಲಸಗಳನ್ನು ಹಂಚಲಾಗಿತ್ತು. ನೂಲು ಕಟ್ಟುವವನು ಒಬ್ಬ, ಕಂಡಿಕೆ ತುಂಬುವವನು ಇನ್ನೊಬ್ಬ, ಎಣ್ಣೆ ಹಾಕುವವನು ಮತ್ತೊಬ್ಬ. ಒಬ್ಬೊಬ್ಬನ ಪಾಲಿಗೆ ಬಂದ ಮಗ್ಗಗಳ ಸಂಖ್ಯೆ ಒಂದೊಂದು ಬಗೆ. ಹೀಗಾಗಿ ಯಾವ ಮಗ್ಗಕ್ಕೂ ತನ್ನವರೆಂಬ ಜನರಿರಲಿಲ್ಲ, ಯಾವ ಕಾರ್ಮಿಕನಿಗೂ ತನ್ನದೆಂಬ ಮಗ್ಗವಿರಲಿಲ್ಲ. ಕೆಲವು ಮಗ್ಗಗಳ ಪೂರ್ಣ ಹೊಣೆಯನ್ನು ಒಂದು ಸಣ್ಣ ಗುಂಪಿಗೆ ಒಪ್ಪಿಸಬಾರದೇಕೆ ಎಂದು ರೈಸ್ ಸೂಚಿಸಿದರು. ಕಾರ್ಮಿಕರೇ ಆ ಸೂಚನೆಯನ್ನು ಎತ್ತಿಕೊಂಡು ತಮ್ಮತಮ್ಮಲ್ಲಿ ಗುಂಪು ಕಟ್ಟಿಕೊಂಡರು. ಆರಂಭದ ಏರಿಳಿತಗಳು ಕಳೆದ ಮೇಲೆ ಉತ್ಪಾದನೆ ಹೆಚ್ಚಿತು, ಹಾನಿ ತಗ್ಗಿತು. ಮಗ್ಗಗಳು ಮಾತ್ರ ಮೊದಲಿದ್ದವೇ. 1958ರಲ್ಲಿ ಪ್ರಕಟವಾದ ರೈಸ್ ಅವರ ಗ್ರಂಥದ ಮೂಲಕ 'ಅಹಮದಾಬಾದಿನ ಪ್ರಯೋಗ' ಎಂದು ಇದು ಲೋಕಪ್ರಸಿದ್ಧವಾಯಿತು. ಯಂತ್ರವನ್ನು ಕೊಂಡವನು ಅದರ ಸುತ್ತಲಿನ ಕೆಲಸದ ವ್ಯವಸ್ಥೆಯನ್ನೂ ಹೊಸದಾಗಿ ಕಟ್ಟಬೇಕಾಗುತ್ತದೆ; ಅದನ್ನು ಕಟ್ಟಲು ಬಲ್ಲವರು ಆ ಕೆಲಸವನ್ನು ಮಾಡುವವರೇ.

ಅದೇ ನಗರದ ಎರಡನೆಯ ನಿದರ್ಶನ ನಮ್ಮ ಕಾಲದ್ದು. 2018ರ ಡಿಸೆಂಬರಿನಲ್ಲಿ ಹೃದ್ರೋಗ ತಜ್ಞ ಡಾ. ತೇಜಸ್ ಪಟೇಲ್ ಅವರು ಗಾಂಧಿನಗರದ ಅಕ್ಷರಧಾಮದಲ್ಲಿ ಕುಳಿತು, ಸುಮಾರು 32 ಕಿಲೋಮೀಟರ್ ದೂರದ ಅಹಮದಾಬಾದಿನ ಆಸ್ಪತ್ರೆಯಲ್ಲಿದ್ದ ರೋಗಿಗಳ ಹೃದಯದ ರಕ್ತನಾಳಗಳಿಗೆ ರೊಬೋಟಿನ ನೆರವಿನಿಂದ ಸ್ಟೆಂಟ್ ಅಳವಡಿಸಿದರು. ಮಾನವರ ಮೇಲೆ ಇಷ್ಟು ದೂರದಿಂದ ನಡೆದ ಇಂಥ ಚಿಕಿತ್ಸೆ ಜಗತ್ತಿನಲ್ಲಿಯೇ ಮೊದಲನೆಯದು. ಐವರು ರೋಗಿಗಳ ಈ ವರದಿ 2019ರಲ್ಲಿ ವೈದ್ಯಕೀಯ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಆ ಯಂತ್ರವನ್ನು ತಯಾರಿಸುತ್ತಿದ್ದ ಅಮೆರಿಕದ ಕೊರಿಂಡಸ್ ಕಂಪನಿಯನ್ನು ಜರ್ಮನಿಯ ಸೀಮೆನ್ಸ್ ಹೆಲ್ದಿನಿಯರ್ಸ್ ಸುಮಾರು 110 ಕೋಟಿ ಡಾಲರುಗಳಿಗೆ ಕೊಂಡಿತು. ಆದರೆ 2023ರಲ್ಲಿ, ಹೃದಯದ ರಕ್ತನಾಳಗಳ ಚಿಕಿತ್ಸೆಗೆಂದು ರೊಬೋಟನ್ನು ಮಾರುವ ವ್ಯವಹಾರದಿಂದ ತಾನು ಹಿಂದೆ ಸರಿಯುವುದಾಗಿ ಅದೇ ಸಂಸ್ಥೆ ಸಾರಿತು.

ಈ ಘಟನೆಯನ್ನು ಸೋಲೆಂದು ಕರೆಯುವುದು ಅವಸರದ ಮಾತಾದೀತು. ವೈದ್ಯಶಾಸ್ತ್ರದ ದೃಷ್ಟಿಯಿಂದ ಅಹಮದಾಬಾದಿನ ಪ್ರಯೋಗ ಯಶಸ್ವಿಯೇ. ಆದರೆ ಒಂದು ಕೆಲಸ ಸಾಧ್ಯವೆಂದು ತೋರಿಸುವುದು ಬೇರೆ, ಅದನ್ನು ನಿತ್ಯದ ಬಳಕೆಗೆ ತರುವುದು ಬೇರೆ. ದೂರದಿಂದ ಚಿಕಿತ್ಸೆ ನಡೆಯಬೇಕಾದರೂ ರೋಗಿಯ ಬಳಿ ನುರಿತ ತಂಡವೊಂದು ಇರಲೇಬೇಕು, ಯಂತ್ರ ಕೈಕೊಟ್ಟರೆ ಆ ತಂಡವೇ ಮುಂದುವರಿಸಬೇಕು. ಅಂಥ ತಂಡ ಎಲ್ಲಿದೆಯೋ ಅಲ್ಲಿ ರೊಬೋಟಿನ ಅಗತ್ಯ ಕಡಿಮೆ. ರೊಬೋಟಿನ ಅಗತ್ಯ ಹೆಚ್ಚಾಗಿರುವ ಹಿಂದುಳಿದ ಜಿಲ್ಲೆಗಳಲ್ಲಿ ಅಂಥ ತಂಡವೂ ಇಲ್ಲ, ಯಂತ್ರ ಕೊಳ್ಳುವ ಹಣವೂ ಇಲ್ಲ. ಯಂತ್ರ ಎಷ್ಟೇ ಚತುರವಾದರೂ ಈ ತೊಡಕು ತಾನಾಗಿ ಬಿಡಿಸಿಕೊಳ್ಳುವಂಥದಲ್ಲ.

ಸೂರತ್ತಿನ ಕಥೆ ಇದಕ್ಕಿಂತ ಭಿನ್ನ. ಜಗತ್ತಿನ ವಜ್ರಗಳಲ್ಲಿ ಬಹುಪಾಲು ಸಾಣೆ ಹಿಡಿಸಿಕೊಳ್ಳುವುದು ಅಲ್ಲಿಯೇ. ಒಂದು ಕಾಲಕ್ಕೆ ಕಚ್ಚಾ ಹರಳನ್ನು ಬೆಳಕಿಗೆ ಹಿಡಿದು, ಒಳಗಿನ ದೋಷವನ್ನು ಅಂದಾಜು ಮಾಡಿ, ಎಲ್ಲಿ ಸೀಳಬೇಕೆಂದು ಗುರುತು ಹಾಕುವ ಹಿರಿಯ ಕುಶಲಕರ್ಮಿಯೇ ಅಲ್ಲಿ ಪ್ರಮಾಣಪುರುಷ. ಇಂದು ಆ ಅಂದಾಜನ್ನು ಶೋಧಕಯಂತ್ರವೂ ಗಣಕವೂ ಮಾಡುತ್ತವೆ, ಸೀಳುವ ಕೆಲಸವನ್ನು ಲೇಸರ್ ಕಿರಣ ಮಾಡುತ್ತದೆ. ಇಸ್ರೇಲಿನ ಸರೀನ್ ಸಂಸ್ಥೆಯ ಶೋಧಕಯಂತ್ರಗಳ ಜೊತೆಗೆ ಸೂರತ್ತಿನವರೇ ಆದ ಧೀರಜ್‌ಲಾಲ್ ಕೊಟಾಡಿಯಾ ಅವರ ಸಹಜಾನಂದ್ ಉದ್ಯಮವು ನಿರ್ಮಿಸಿದ ಲೇಸರ್ ಯಂತ್ರಗಳೂ ಈ ಬದಲಾವಣೆಗೆ ಕಾರಣವಾದವು. ಅದೇ ಉದ್ಯಮಿ ಮುಂದೆ ಹೃದಯದ ಸ್ಟೆಂಟ್‌ಗಳ ತಯಾರಿಕೆಗೂ ಕೈಹಾಕಿದರು ಎಂಬುದು ಗಮನಾರ್ಹ.

ಇಲ್ಲಿ ಯಂತ್ರ ಪೇಟೆಯನ್ನು ಸೇರಲು ಕಾರಣಗಳು ಸ್ಪಷ್ಟವಾಗಿವೆ. ಮಾಡುವವನೂ ಕೊಳ್ಳುವವನೂ ಒಂದೇ ಊರಿನವರು. ಕೆಟ್ಟರೆ ರಿಪೇರಿ ಮಾಡುವವನು ಅದೇ ದಿನ ಬರಬಲ್ಲ. ಒಂದು ತಪ್ಪು ಸೀಳಿನಿಂದ ಆಗುವ ನಷ್ಟ ಎಷ್ಟೆಂಬುದು ಕೊಳ್ಳುವವನಿಗೆ ಪೈಸೆಯ ಲೆಕ್ಕದಲ್ಲಿ ಗೊತ್ತು. ಆದರೆ ಲಾಭದ ಈ ಲೆಕ್ಕದಲ್ಲಿ ಹರಳನ್ನು ಓದಬಲ್ಲವನ ವಿದ್ಯೆಗೆ ಜಾಗವಿಲ್ಲ. ದಶಕಗಳ ಅನುಭವದಿಂದ ಕಣ್ಣು ಕಲಿತದ್ದನ್ನು ಯಂತ್ರ ಎತ್ತಿಕೊಂಡಿತು. ಬಿಡಿಗೆಲಸದ ಕೂಲಿಯ ಮೇಲೆ ಬದುಕುವವನಿಗೆ ಅದರ ಪ್ರತಿಫಲದಲ್ಲಿ ಪಾಲು ದೊರೆಯಲಿಲ್ಲ. ಕ್ಯಾಲಿಕೊ ಗಿರಣಿಯ ಕಾರ್ಮಿಕರಿಗೆ ದೊರೆತ ಮಾತಿನ ಹಕ್ಕು ಸಾಣೆಯ ಮುಂದೆ ಕುಳಿತವನಿಗೆ ದೊರೆತಿದ್ದರೆ ಪರಿಣಾಮ ಬೇರೆಯಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ವಡೋದರಾ ಕಲಿಸುವ ಪಾಠ ಸದ್ದಿಲ್ಲದ್ದು. ವಿದ್ಯುತ್ ಸಾಮಗ್ರಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ 'ಇರ್ಡಾ' ಎಂಬ ಸಂಶೋಧನಾ ಸಂಘ 1974ರಲ್ಲಿ ಅಲ್ಲಿ ಸ್ಥಾಪನೆಯಾಯಿತು. ಯಾವುದೇ ವಸ್ತು ತಯಾರಕನ ಮಾತಿನ ಮೇಲೆ ಪೇಟೆಗೆ ಬರುವುದಕ್ಕೂ ಮೂರನೆಯವರ ಪರೀಕ್ಷೆಯಲ್ಲಿ ಗೆದ್ದು ಬರುವುದಕ್ಕೂ ಅಂತರವಿದೆ. ಚಾಲಕರಹಿತ ವಾಹನದ ವಿಷಯದಲ್ಲಿ ನಮಗೆ ಕೊರತೆಯಾಗಿರುವುದು ಈ ಮಧ್ಯದ ಮೆಟ್ಟಿಲೇ. ಚಾಲಕರ ಉದ್ಯೋಗ ಹೋಗುತ್ತದೆಂಬ ಕಾರಣಕ್ಕೆ ಇಂಥ ವಾಹನಗಳಿಗೆ ಅವಕಾಶವಿಲ್ಲವೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2017ರಲ್ಲಿಯೂ 2023ರಲ್ಲಿಯೂ ಹೇಳಿದರು. ಆ ಆತಂಕ ಪ್ರಾಮಾಣಿಕವಾದುದು. ಆದರೆ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ಸೇರಿದ 2ಬಿ ಪ್ರಕರಣವು ಸಂಶೋಧನೆಗಾಗಿ ವಾಹನಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿದೆ. ಬೆಂಗಳೂರಿನಲ್ಲಿ ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಆರ್.ವಿ. ಎಂಜಿನಿಯರಿಂಗ್ ಕಾಲೇಜು ಕೂಡಿ ರೂಪಿಸಿದ ಚಾಲಕರಹಿತ ಕಾರಿನ ಮಾದರಿ 2025ರಲ್ಲಿ ಪ್ರದರ್ಶಿತವಾಯಿತು. ಒಂದೆಡೆ ನಿಷೇಧದ ಮಾತು, ಇನ್ನೊಂದೆಡೆ ಪ್ರದರ್ಶನದ ಸಂಭ್ರಮ. ನಡುವೆ ನಮ್ಮ ದನ, ತಳ್ಳುಗಾಡಿ, ಹೊಂಡಗಳ ರಸ್ತೆಯಲ್ಲಿ ವಾಹನವನ್ನು ಒರೆಗೆ ಹಚ್ಚಿ ಫಲಿತಾಂಶವನ್ನು ಬಹಿರಂಗಪಡಿಸುವ ಸ್ವತಂತ್ರ ಪರೀಕ್ಷಾಲಯಗಳು ಬೇಕು. 2009ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ಜನಮಾರ್ಗದಂತಹ ಮೀಸಲು ಬಸ್ ಪಥಗಳಲ್ಲಿ ಅಂಥ ಪರೀಕ್ಷೆಯನ್ನು ಎಚ್ಚರದಿಂದ ಮೊದಲುಮಾಡಬಹುದು.

ಇನ್ನೊಂದು ಮಾತನ್ನು ಹೇಳದೆ ಈ ಚರ್ಚೆ ಪೂರ್ಣವಾಗದು. ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯನನ್ನು ಒಳಚರಂಡಿ ಶುಚಿಗೊಳಿಸಲು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಅಂಥ ಸಾವಿಗೆ ಮೂವತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಆದೇಶಿಸಿದೆ. ಆ ಕೆಲಸ ಮಾಡಬಲ್ಲ ರೊಬೋಟನ್ನು ಕೇರಳದ ತರುಣ ಎಂಜಿನಿಯರುಗಳು 2018ರಲ್ಲಿಯೇ ಬಳಕೆಗೆ ತಂದರು. ಆದರೂ ಗುಜರಾತನ್ನೂ ಕರ್ನಾಟಕವನ್ನೂ ಒಳಗೊಂಡಂತೆ ದೇಶದಲ್ಲಿ ಈ ಸಾವುಗಳು ನಿಂತಿಲ್ಲ. ವಜ್ರ ಸೀಳುವ ಯಂತ್ರಕ್ಕೆ ಸಾವಿರಾರು ಕೊಳ್ಳುವವರಿದ್ದಾರೆ. ಚರಂಡಿಯ ಯಂತ್ರಕ್ಕೆ ಮುಖ್ಯ ಗಿರಾಕಿಗಳು ನಗರಸಭೆಗಳು ಮಾತ್ರ, ಗುತ್ತಿಗೆದಾರನಿಗೆ ಮನುಷ್ಯನ ಜೀವ ಯಂತ್ರಕ್ಕಿಂತ ಅಗ್ಗವಾಗಿ ಕಾಣುತ್ತದೆ. ಪೇಟೆಯ ಪಾಡಿಗೆ ಪೇಟೆಯನ್ನು ಬಿಟ್ಟರೆ ಯಂತ್ರ ಮೊದಲು ಹೋಗುವುದು ಹಣವಿದ್ದೆಡೆಗೆ. ಪ್ರಾಣಾಪಾಯವಿದ್ದೆಡೆಗೆ ಅದನ್ನು ಕಳುಹಿಸಬೇಕಾದದ್ದು ಸರ್ಕಾರದ ಖರೀದಿ, ಕಾನೂನು ಮತ್ತು ಜನಾಭಿಪ್ರಾಯ.

ಜನಾಭಿಪ್ರಾಯ ರೂಪುಗೊಳ್ಳುವುದು ಜನರ ಭಾಷೆಯಲ್ಲಿ. ವಿಜ್ಞಾನವನ್ನು ಕನ್ನಡಕ್ಕೆ ತರಲು ಶಿವರಾಮ ಕಾರಂತರಂಥವರು ಒಬ್ಬೊಬ್ಬರೇ ದುಡಿದ ಪರಂಪರೆ ನಮ್ಮದು. ಇಂದಿನ ಅಗತ್ಯ ಆ ದಾರಿಯ ಮುಂದಿನ ಹಂತ: ಯಂತ್ರದ ಬಳಿ ನಿಲ್ಲುವವನು ಅದರ ಸುರಕ್ಷತಾ ಸೂಚನೆಯನ್ನು, ಕರಾರುಪತ್ರವನ್ನು, ಪರೀಕ್ಷಾ ವರದಿಯನ್ನು ಕನ್ನಡದಲ್ಲಿ ಓದಿ ಪ್ರಶ್ನಿಸುವಂತಾಗಬೇಕು. ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಗಳು ಎಂಜಿನಿಯರಿಂಗ್ ವಿಭಾಗಗಳೊಡನೆ ಹಾಗೂ ಕೈಗಾರಿಕಾ ತರಬೇತಿ ಕೇಂದ್ರಗಳೊಡನೆ ಕುಳಿತು ಮಾಡಬೇಕಾದ ಕೆಲಸವಿದು. ಬಿಟ್ಟಿ ದುಡಿಮೆಯ ಹೆಸರನ್ನು ಹೊತ್ತು ಹುಟ್ಟಿದ ಯಂತ್ರವು ಮನುಷ್ಯನನ್ನು ಬಿಟ್ಟಿಯಿಂದ ಬಿಡಿಸೀತೇ ಎಂಬುದು, ಆ ದುಡಿಮೆಯನ್ನು ಬಲ್ಲವರಿಗೆ ನಿರ್ಧಾರದಲ್ಲಿ ಎಷ್ಟು ಪಾಲು ಕೊಡುತ್ತೇವೆ ಎಂಬುದನ್ನು ಅವಲಂಬಿಸಿದೆ.