ದಂಪತಿ, ಮನೆ ಮತ್ತು ಭಯ: ಮನೆಗೆ ನುಗ್ಗುವವರ ಥ್ರಿಲ್ಲರ್ ಚಿತ್ರಗಳ ಕುರಿತು

'ದಂಪತಿ' ಎಂಬ ಪದದಲ್ಲಿಯೇ ಮನೆ ಅಡಗಿದೆ. ವೈದಿಕ ಭಾಷೆಯಲ್ಲಿ 'ದಮ್' ಎಂದರೆ ಮನೆ. ಏಕವಚನದಲ್ಲಿ 'ದಂಪತಿ' ಎಂದರೆ ಮನೆಯೊಡೆಯ. ದ್ವಿವಚನದಲ್ಲಿ ಗಂಡ ಹೆಂಡತಿಯರಿಬ್ಬರು, ಅಂದರೆ ಮನೆಯ ಇಬ್ಬರು ಒಡೆಯರು. ಒಂದೇ ಪದದ ಈ ಎರಡು ಅರ್ಥಗಳ ನಡುವೆ ದಾಂಪತ್ಯದ ಸಮಸ್ಯೆಯೇ ಇದೆ. ಮನೆಗೆ ಒಡೆಯ ಒಬ್ಬನೋ ಇಬ್ಬರೋ? ಶಾಂತಿಯ ಕಾಲದಲ್ಲಿ ಈ ಪ್ರಶ್ನೆ ಮೇಲೆ ಬರುವುದಿಲ್ಲ. ಅಪರಿಚಿತನೊಬ್ಬ ರಾತ್ರಿಯಲ್ಲಿ ಬಾಗಿಲು ಮುರಿದಾಗ ಅದನ್ನು ತಪ್ಪಿಸಿಕೊಳ್ಳಲಾಗದು. ಒಂಟಿ ಮನೆಯಲ್ಲಿ ಸಿಲುಕಿದ ದಂಪತಿಗಳ ಕಥೆ ಹೇಳುವ ಥ್ರಿಲ್ಲರ್ ಚಿತ್ರಗಳಿಗೆ ವಿಮರ್ಶೆಯ ಗಮನ ಸಲ್ಲಬೇಕಾದದ್ದು ಈ ಕಾರಣಕ್ಕೆ.

ಕನ್ನಡ ವಿಭಾಗಗಳಲ್ಲಿ ರೋಚಕ ಕೃತಿಗಳನ್ನು ಜನಪ್ರಿಯ ಸಂಸ್ಕೃತಿಯ ಅಧ್ಯಯನದ ಹೆಸರಿನಲ್ಲಿ ಒಟ್ಟಾಗಿ ಚರ್ಚಿಸುವ, ಇಲ್ಲವೇ ಸಮಯ ಕಳೆಯುವ ಸರಕೆಂದು ಬದಿಗಿಡುವ ರೂಢಿಯಿದೆ. ಎರಡೂ ಕ್ರಮಗಳಲ್ಲಿ ಒಂದು ಕೃತಿಗೂ ಇನ್ನೊಂದಕ್ಕೂ ಇರುವ ನೈತಿಕ ಅಂತರ ಕಾಣಿಸದೆ ಹೋಗುತ್ತದೆ. ಭಯ ಹುಟ್ಟಿಸುವುದು ಈ ಎಲ್ಲ ಚಿತ್ರಗಳ ಸಮಾನ ಉದ್ದೇಶ. ಆದರೆ ಆ ಭಯದ ನಡುವೆ ಹೆಂಡತಿ ಕಾಪಾಡಬೇಕಾದ ಸೊತ್ತಾಗಿದ್ದಾಳೆಯೋ ಅಥವಾ ಮನೆಯ ಇನ್ನೊಬ್ಬ ಒಡತಿಯಾಗಿದ್ದಾಳೆಯೋ ಎಂಬುದರ ಮೇಲೆ ಕೃತಿಯ ಮೌಲ್ಯ ನಿರ್ಧಾರವಾಗುತ್ತದೆ.

ಈ ಪ್ರಕಾರದ ಹುಟ್ಟಿನಲ್ಲಿಯೇ ಎರಡು ದಾರಿಗಳು ಗೋಚರಿಸುತ್ತವೆ. 20ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಆಂದ್ರೆ ದ ಲೋರ್ದ್ ಟೆಲಿಫೋನನ್ನೇ ಕೇಂದ್ರವಾಗಿಟ್ಟು ಒಂದು ನಾಟಕವನ್ನು ರಚಿಸಿದ. ದೂರದಲ್ಲಿರುವ ಗಂಡ ತನ್ನ ಕುಟುಂಬದ ಕೊಲೆಯನ್ನು ಟೆಲಿಫೋನಿನಲ್ಲಿ ಕೇಳಿಸಿಕೊಳ್ಳುತ್ತಾನೆ, ಏನೂ ಮಾಡಲಾರ. ಇದೇ ಸನ್ನಿವೇಶವನ್ನು ಅಮೆರಿಕದ ಡಿ. ಡಬ್ಲ್ಯು. ಗ್ರಿಫಿತ್ 1909ರಲ್ಲಿ 'ದಿ ಲೋನ್ಲಿ ವಿಲ್ಲಾ' ಎಂಬ ಕಿರುಚಿತ್ರವಾಗಿಸಿದಾಗ ಅಂತ್ಯ ಬದಲಾಯಿತು. ಒಳಗೆ ಬಾಗಿಲಿಗೆ ಪೀಠೋಪಕರಣಗಳನ್ನು ಒತ್ತರಿಸುವ ತಾಯಿ ಮಕ್ಕಳು, ಹೊರಗೆ ದಾರಿಯಲ್ಲಿ ಧಾವಿಸುವ ಗಂಡ, ಇವರನ್ನು ಒಂದಾದ ಮೇಲೊಂದರಂತೆ ತೋರಿಸುವ ಸಂಕಲನ ಕ್ರಮದಿಂದ ನೋಡುಗನ ಉಸಿರು ಬಿಗಿಯಾಯಿತು. ಗಂಡ ಸಕಾಲಕ್ಕೆ ತಲುಪಿದ. ನಾಟಕದಲ್ಲಿ ಸೋತ ಮನೆಯೊಡೆಯ ಸಿನಿಮಾದಲ್ಲಿ ಗೆದ್ದ.

1913ರಲ್ಲಿ ಲೋಯಿಸ್ ವೆಬರ್ ಎಂಬ ಮಹಿಳೆ, ಫಿಲಿಪ್ಸ್ ಸ್ಮಾಲಿಯೊಡನೆ 'ಸಸ್ಪೆನ್ಸ್' ಎಂಬ ಹತ್ತು ನಿಮಿಷಗಳ ಚಿತ್ರವನ್ನು ನಿರ್ದೇಶಿಸಿ ಹೆಂಡತಿಯ ಪಾತ್ರವನ್ನೂ ತಾನೇ ವಹಿಸಿದಳು. ಕಥೆ ಬಹುಮಟ್ಟಿಗೆ ಅದೇ. ನೋಡುವ ಕಣ್ಣು ಮಾತ್ರ ಬೇರೆ. ಒಂಟಿ ಮನೆಯ ಕೆಲಸ ಸಾಕೆನಿಸಿದ ಕೆಲಸದಾಕೆ ಚೀಟಿ ಬರೆದಿಟ್ಟು, ಬೀಗದ ಕೈಯನ್ನು ಬಾಗಿಲ ಬಳಿಯ ಚಾಪೆಯಡಿ ಇರಿಸಿ ಹೊರಟುಹೋಗುತ್ತಾಳೆ. ಅಲೆಮಾರಿಯೊಬ್ಬ ಅದೇ ಕೀಲಿಯಿಂದ ಒಳಬರುತ್ತಾನೆ. ಪರದೆ ಮೂರು ತ್ರಿಕೋನಗಳಾಗಿ ಒಡೆದು, ಟೆಲಿಫೋನ್ ಹಿಡಿದ ಹೆಂಡತಿ, ಅದನ್ನು ಕೇಳುತ್ತಿರುವ ಗಂಡ ಮತ್ತು ಒಳಸೇರುತ್ತಿರುವ ಅಲೆಮಾರಿಯನ್ನು ಏಕಕಾಲಕ್ಕೆ ತೋರಿಸುತ್ತದೆ. ಮೇಲಿನ ಕಿಟಕಿಯಿಂದ ಇಣುಕುವ ಹೆಂಡತಿಗೆ ಕೆಳಗಿನಿಂದ ತಲೆಯೆತ್ತಿ ನೋಡುವ ಅವನ ಮುಖ ಎದುರಾಗುತ್ತದೆ. ಇಲ್ಲಿಯೂ ಗಂಡನೇ ಬಂದು ಕಾಪಾಡುವುದು ನಿಜ. ಆದರೂ ಭಯದ ಅನುಭವ ಪೂರ್ತಿಯಾಗಿ ಹೆಂಡತಿಯದು. ಕ್ಯಾಮೆರಾ ಅವಳ ಪಕ್ಕದಲ್ಲಿ ನಿಂತಿದೆ.

ಮುಂದಿನ ಕಾಲದಲ್ಲಿ ಈ ಎರಡು ದೃಷ್ಟಿಗಳ ಘರ್ಷಣೆ ಅತ್ಯಂತ ತೀವ್ರವಾಗಿ ಕಾಣಿಸಿಕೊಂಡದ್ದು ಸ್ಯಾಮ್ ಪೆಕಿನ್‌ಪಾ 1971ರಲ್ಲಿ ನಿರ್ದೇಶಿಸಿದ 'ಸ್ಟ್ರಾ ಡಾಗ್ಸ್' ಚಿತ್ರದಲ್ಲಿ. ಇದಕ್ಕೆ ಆಧಾರ ಗಾರ್ಡನ್ ವಿಲಿಯಮ್ಸ್ 1969ರಲ್ಲಿ ಪ್ರಕಟಿಸಿದ 'ದಿ ಸೀಜ್ ಆಫ್ ಟ್ರೆಂಚರ್ಸ್ ಫಾರ್ಮ್' ಕಾದಂಬರಿ. ಕಾದಂಬರಿಯ ನಾಯಕ ಸಾಹಿತ್ಯದ ಪ್ರಾಧ್ಯಾಪಕ. ಚಿತ್ರದಲ್ಲಿ ಅವನು ಡೇವಿಡ್ ಎಂಬ ಗಣಿತಜ್ಞನಾಗಿದ್ದಾನೆ. ಅಮೆರಿಕದ ಈ ಮೆದು ಸ್ವಭಾವದ ವಿದ್ವಾಂಸ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿರುವ ಹೆಂಡತಿ ಏಮಿಯ ಹುಟ್ಟೂರಿಗೆ ಬಂದು ನೆಲೆಸುತ್ತಾನೆ. ಮನೆಯ ದುರಸ್ತಿಗೆ ಬಂದ ಊರಿನ ಯುವಕರಲ್ಲಿ ಏಮಿಯ ಹಿಂದಿನ ಪ್ರಿಯನೂ ಇದ್ದಾನೆ. ಒಂದು ದಿನ ಸಾಕಿದ ಬೆಕ್ಕು ಮಲಗುವ ಕೋಣೆಯ ಕಪಾಟಿನಲ್ಲಿ ಸತ್ತು ನೇತಾಡುತ್ತಿರುತ್ತದೆ. ನಿನ್ನ ಮಲಗುವ ಕೋಣೆಯವರೆಗೂ ಬರಬಲ್ಲೆವೆಂದು ತೋರಿಸಲು ಅವರೇ ಹೀಗೆ ಮಾಡಿದ್ದಾರೆಂದು ಏಮಿ ಗ್ರಹಿಸುತ್ತಾಳೆ. ಡೇವಿಡ್‌ಗೆ ಅವರನ್ನು ಕೇಳುವ ಧೈರ್ಯವಿಲ್ಲ. ಬಾಗಿಲು ಒಡೆಯುವ ಬಹಳ ಮೊದಲೇ ಮನೆ ಒಡೆದಿದೆ.

ಚಿತ್ರದ ವ್ಯಂಗ್ಯ ಇನ್ನೂ ಆಳದಲ್ಲಿದೆ. ಡೇವಿಡ್‌ನನ್ನು ಬೇಟೆಯ ನೆಪದಲ್ಲಿ ದೂರ ಕರೆದೊಯ್ದು ಬಿಟ್ಟಾಗ ಮನೆಯಲ್ಲಿ ಏಮಿಯ ಮೇಲೆ ಅತ್ಯಾಚಾರ ನಡೆಯುತ್ತದೆ. ಅವಳು ಅದನ್ನು ಹೇಳುವುದಿಲ್ಲ, ಅವನಿಗೆ ತಿಳಿಯುವುದೂ ಇಲ್ಲ. ಮುಂದೆ ತನ್ನ ಕಾರಿಗೆ ಸಿಕ್ಕಿ ಗಾಯಗೊಂಡ ಹೆನ್ರಿ ನೈಲ್ಸ್ ಎಂಬವನಿಗೆ ಡೇವಿಡ್ ಆಶ್ರಯ ನೀಡಿದಾಗ, ಅವನನ್ನು ಒಪ್ಪಿಸೆಂದು ಊರಿನವರು ಮನೆಗೆ ಮುತ್ತಿಗೆ ಹಾಕುತ್ತಾರೆ. ಆಗ ಡೇವಿಡ್ ಒಬ್ಬೊಬ್ಬರನ್ನಾಗಿ ಬಡಿದುಹಾಕುತ್ತಾನೆ. ಅವನು ಹೋರಾಡುವುದು ತನ್ನ ಮನೆ ಎಂಬ ತತ್ತ್ವಕ್ಕಾಗಿ. ಅದೇ ಮನೆಯಲ್ಲಿ ಹೆಂಡತಿಗೆ ಆದ ಗಾಯ ಅವನ ವಿಜಯದ ಲೆಕ್ಕಕ್ಕೆ ಬರುವುದೇ ಇಲ್ಲ. ಏಕವಚನದ ದಂಪತಿಯ ಚಿತ್ರ ಇದಕ್ಕಿಂತ ಸ್ಪಷ್ಟವಾಗಿ ಮೂಡುವುದು ಕಷ್ಟ.

ಪೆಕಿನ್‌ಪಾ ಇದನ್ನು ಟೀಕಿಸುತ್ತಿದ್ದಾನೆಯೇ, ಸಂಭ್ರಮಿಸುತ್ತಿದ್ದಾನೆಯೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಬ್ರಿಟನ್ನಿನಲ್ಲಿ 1984ರ ವಿಡಿಯೋ ಕಾಯಿದೆಯ ತರುವಾಯ 2002ರವರೆಗೆ ಈ ಚಿತ್ರದ ವಿಡಿಯೋ ಪ್ರತಿಗೆ ಅನುಮತಿ ದೊರೆಯಲಿಲ್ಲ. ವಿವಾದದ ಕೇಂದ್ರ ಅತ್ಯಾಚಾರದ ದೃಶ್ಯವಾಗಿತ್ತು. ಆ ದೃಶ್ಯ ಮೂಲ ಕಾದಂಬರಿಯಲ್ಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಡೇವಿಡ್‌ನ ಕುರುಡನ್ನು ಚಿತ್ರ ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆ ಎಂಬುದು ಅದರ ಹಿರಿಮೆ. ಏಮಿಯ ನೋವನ್ನು ತಾನೇ ಸೇರಿಸಿ, ಅನಂತರ ಅವಳಿಗೆ ಮಾತು ಕೊಡದೆ ಬಿಟ್ಟದ್ದು ಅದರ ಕ್ಷಮಿಸಲಾಗದ ಕೊರತೆ.

ಆಸ್ಟ್ರಿಯಾದ ಮೈಕೆಲ್ ಹಾನೆಕೆ 1997ರ 'ಫನ್ನಿ ಗೇಮ್ಸ್' ಚಿತ್ರದಲ್ಲಿ ರಕ್ಷಕನಾದ ಗಂಡ ಎಂಬ ಕಲ್ಪನೆಯನ್ನೇ ತೆಗೆದುಹಾಕುತ್ತಾನೆ. ಸರೋವರದ ದಡದ ಮನೆಗೆ ರಜೆಗೆಂದು ಬಂದ ಗೇಯೋರ್ಗ್, ಆನಾ ಮತ್ತು ಅವರ ಮಗ. ಬಿಳಿ ಕೈಗವಸು ತೊಟ್ಟ ವಿನಯವಂತ ತರುಣನೊಬ್ಬ ಮೊಟ್ಟೆ ಬೇಕೆಂದು ಬರುತ್ತಾನೆ, ಹಿಂದೆಯೇ ಇನ್ನೊಬ್ಬ. ಆರಂಭದಲ್ಲಿಯೇ ಗೇಯೋರ್ಗ್‌ನ ಕಾಲು ಮುರಿಯುತ್ತದೆ. ಅಲ್ಲಿಂದ ಮುಂದೆ ಪ್ರತಿರೋಧದ ಹೊಣೆ ಬಹುಪಾಲು ಆನಾಳದು. ಒಂದು ಹಂತದಲ್ಲಿ ಅವಳು ಬಂದೂಕು ಕಸಿದು ಒಬ್ಬನನ್ನು ಕೊಂದಾಗ ನೋಡುಗ ನಿಟ್ಟುಸಿರು ಬಿಡುತ್ತಾನೆ. ತಕ್ಷಣ ಇನ್ನೊಬ್ಬ ರಿಮೋಟ್ ಒತ್ತಿ ಚಿತ್ರವನ್ನೇ ಹಿಂದಕ್ಕೆ ಓಡಿಸುತ್ತಾನೆ. ಸತ್ತವನು ಮತ್ತೆ ಬದುಕುತ್ತಾನೆ. ನ್ಯಾಯದ ಹೆಸರಿನಲ್ಲಿ ಹಿಂಸೆಯನ್ನು ಸವಿಯುವ ಅವಕಾಶವನ್ನು ಹಾನೆಕೆ ನೋಡುಗನಿಂದ ಹೀಗೆ ಕಿತ್ತುಕೊಳ್ಳುತ್ತಾನೆ. ಹಿಂಸೆಯ ಬಹುಭಾಗ ಪರದೆಯ ಆಚೆಗೆ ನಡೆಯುವುದೂ ಇದೇ ತತ್ತ್ವಕ್ಕೆ ಅನುಗುಣವಾಗಿದೆ. ಇದೇ ಚಿತ್ರವನ್ನು ಅವನು 2007ರಲ್ಲಿ ಇಂಗ್ಲಿಷಿನಲ್ಲಿ ದೃಶ್ಯಕ್ಕೆ ದೃಶ್ಯ ಪುನರ್ನಿರ್ಮಿಸಿದ.

ಬ್ರಯನ್ ಬರ್ಟಿನೋ ನಿರ್ದೇಶಿಸಿದ 2008ರ 'ದಿ ಸ್ಟ್ರೇಂಜರ್ಸ್' ಇಂತಹ ತಾತ್ತ್ವಿಕ ಹಟವಿಲ್ಲದ ನೇರ ಥ್ರಿಲ್ಲರ್. ಹಾಗಿದ್ದೂ ಅದು ಆರಂಭವಾಗುವ ಬಗೆ ಸೂಕ್ಷ್ಮವಾದದ್ದು. ಮದುವೆಯ ಔತಣವೊಂದರಿಂದ ಮರಳುವ ಜೇಮ್ಸ್ ಮತ್ತು ಕ್ರಿಸ್ಟನ್ ನಡುವೆ ಮೌನವಿದೆ. ಅವನು ವಿವಾಹದ ಪ್ರಸ್ತಾಪವಿಟ್ಟಿದ್ದಾನೆ, ಅವಳು ಒಪ್ಪಿಲ್ಲ. ಸಂಭ್ರಮಕ್ಕೆಂದು ಹೂವಿನ ಪಕಳೆಗಳಿಂದ ಅಲಂಕರಿಸಿದ ಮನೆ ಈಗ ಮುಜುಗರದ ತಾಣ. ನಸುಕಿನಲ್ಲಿ ಬಾಗಿಲು ಬಡಿದ ಹುಡುಗಿ ಆ ಮನೆಯಲ್ಲಿಲ್ಲದ ಯಾರನ್ನೋ ಕೇಳುತ್ತಾಳೆ. ಬಾಲ್ಯದಲ್ಲಿ ಅಪರಿಚಿತರು ಹೀಗೆಯೇ ತನ್ನ ಮನೆಯ ಬಾಗಿಲು ತಟ್ಟಿದ್ದರೆಂದೂ, ಜನರಿಲ್ಲದ ಅಕ್ಕಪಕ್ಕದ ಮನೆಗಳು ಅಂದು ಕಳ್ಳತನಕ್ಕೀಡಾದವೆಂದೂ ಬರ್ಟಿನೋ ಹೇಳಿಕೊಂಡಿದ್ದಾನೆ. ಚಿತ್ರದ ಅತ್ಯಂತ ಕ್ರೂರ ತಿರುವು ಮುಖವಾಡದವರಿಂದ ಬರುವುದಿಲ್ಲ. ಕರೆಗೆ ಓಗೊಟ್ಟು ಬಂದ ಗೆಳೆಯನನ್ನು ದುಷ್ಟನೆಂದು ಭ್ರಮಿಸಿ ಜೇಮ್ಸ್ ತಾನೇ ಗುಂಡಿಕ್ಕುತ್ತಾನೆ. ಮನೆಯೊಡೆಯನ ಆಯುಧಕ್ಕೆ ಮೊದಲು ಬಲಿಯಾಗುವವನು ಸಹಾಯಕ್ಕೆ ಬಂದವನು.

ಈ ಚಿತ್ರದ ಅಪರಿಚಿತರಿಗೆ ಕಾರಣವಿಲ್ಲ. ಮನೆಯಲ್ಲಿ ಜನರಿದ್ದರು ಎಂಬುದೇ ಅವರಿಗೆ ಸಾಕು. ಕಾರಣರಹಿತವಾದ ಕೇಡು ಭಯವನ್ನು ಹೆಚ್ಚಿಸುತ್ತದೆ ನಿಜ. ಜೊತೆಗೆ ಅದು ಸಮಾಜವನ್ನು ವಿಚಾರಣೆಯಿಂದ ಮುಕ್ತಗೊಳಿಸುತ್ತದೆ. ವೆಬರ್‌ಳ ಚಿತ್ರದಲ್ಲಿ ಚಾಪೆಯಡಿಯ ಕೀಲಿಗೂ ದುಡಿಮೆಯ ಒಂಟಿತನಕ್ಕೂ ಸಂಬಂಧವಿತ್ತು. ಅಲ್ಲಿಯೂ ಕೇಡಿಗ ಮಾತ್ರ ಹೆಸರಿಲ್ಲದ ಅಲೆಮಾರಿಯೇ. ಬಾಗಿಲಲ್ಲಿ ನಿಂತು ಏನನ್ನಾದರೂ ಕೇಳುವವನನ್ನು ಸಂಶಯದಿಂದ ಕಾಣಲು ಈ ಪ್ರಕಾರ ಒಂದು ಶತಮಾನದಿಂದ ಕಲಿಸುತ್ತ ಬಂದಿದೆ.

ಕನ್ನಡದ ಓದುಗರಿಗೆ ಈ ಕಲಿಕೆ ದೂರದ್ದಲ್ಲ. ಶ್ರೀನಿವಾಸ ರಾಜು ನಿರ್ದೇಶಿಸಿದ 2012ರ 'ದಂಡುಪಾಳ್ಯ' ಚಿತ್ರದ ನಂತರ ನೀರು ಕೇಳಿ ಬಾಗಿಲಿಗೆ ಬರುವವರ ಭಯಕ್ಕೆ ಒಂದು ಊರಿನ ಹೆಸರೇ ಅಂಟಿಕೊಂಡಿತು. ಅಪರಾಧಗಳು ವಾಸ್ತವ, ಮಡಿದವರ ನೋವೂ ವಾಸ್ತವ. ಆದರೆ ಆ ಊರಿನ ಉಳಿದ ಜನರು ಹೊತ್ತ ಕಳಂಕವನ್ನು ಯಾವ ಚಿತ್ರವೂ ಲೆಕ್ಕಕ್ಕಿಡುವುದಿಲ್ಲ.

ಇದಕ್ಕೆ ತೀರ ವಿರುದ್ಧವಾದ ನೆಲೆಯೂ ಕನ್ನಡದಲ್ಲಿದೆ. ಮನೆಗೆ ಬಂದ ಕಳ್ಳನಿಗೆ ಒಡವೆಯನ್ನು ತೆಗೆದುಕೊಡೆಂದು ಮಡದಿಯನ್ನೇ ಗದರಿಸುವ ಬಸವಣ್ಣನವರ ವಚನವನ್ನು ಅಧ್ಯಾಪಕರು ತರಗತಿಗಳಲ್ಲಿ ಬೋಧಿಸುತ್ತ ಬಂದಿದ್ದಾರೆ. ಅಲ್ಲಿ ಮನೆಯೊಡೆಯ ತನ್ನನ್ನೇ ಕಳ್ಳನೆಂದು ಕಂಡುಕೊಂಡು, ಬಂದವನಲ್ಲಿ ಕೂಡಲಸಂಗಮದೇವನನ್ನು ಕಾಣುತ್ತಾನೆ. ಒಡೆತನವನ್ನೇ ಪ್ರಶ್ನಿಸುವ ಈ ನಿಲುವಿನ ಮುಂದೆ ಡೇವಿಡ್‌ನ ಶೌರ್ಯ ಕಳೆಗುಂದುತ್ತದೆ. ಆದರೂ ಒಂದು ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ: ಒಡವೆ ಮಡದಿಯದು, ಕೊಡುವ ತೀರ್ಮಾನ ಗಂಡನದು. ಕಾಪಾಡುವಾಗಲೂ ತ್ಯಜಿಸುವಾಗಲೂ ಅವಳನ್ನು ಕೇಳಿದವರಿಲ್ಲ.

ಆದ್ದರಿಂದ ಇಂತಹ ಚಿತ್ರವೊಂದನ್ನು ಬೆಲೆಗಟ್ಟುವಾಗ ಅದು ಎಷ್ಟು ಬೆಚ್ಚಿಬೀಳಿಸಿತು ಎಂಬ ಅಳತೆ ಸಾಲದು. ಬಾಗಿಲು ತೆರೆಯಬೇಕೇ ಬೇಡವೇ ಎಂಬ ತೀರ್ಮಾನದಲ್ಲಿ ಹೆಂಡತಿಗೆ ಪಾಲಿತ್ತೇ, ನಡೆದುದನ್ನು ಹೇಳಲು ಅವಳಿಗೆ ಮಾತಿತ್ತೇ, ಬಾಗಿಲಾಚೆ ನಿಂತವನಿಗೆ ಮುಖವಿತ್ತೇ ಎಂದು ಕೇಳಬೇಕು. ಈ ಮೂರು ಪ್ರಶ್ನೆಗಳಿಗೆ ಉತ್ತರಿಸಬಲ್ಲ ಥ್ರಿಲ್ಲರ್ ಪಠ್ಯಕ್ರಮದಲ್ಲಿ ಗಂಭೀರ ಕಾದಂಬರಿಯ ಪಕ್ಕದಲ್ಲಿ ಇರಲು ಅರ್ಹ. ಉತ್ತರಿಸಲಾರದ ಕೃತಿಯನ್ನೂ ತರಗತಿಗೆ ತರಬೇಕು. ಮನೆಯ ಬಗ್ಗೆ ಸಮಾಜ ಇಟ್ಟುಕೊಂಡಿರುವ, ಆದರೆ ಬಾಯಿಬಿಟ್ಟು ಹೇಳದ ನಂಬಿಕೆಗಳು ಅಂತಹ ಕೃತಿಗಳಲ್ಲಿಯೇ ಹೆಚ್ಚು ನಿಚ್ಚಳವಾಗಿ ದಾಖಲಾಗಿರುತ್ತವೆ.